ಬಾನೆಟ್ಟಿನ ಮೇಲೆ ಟ್ರಂಪೆಟ್ ಪ್ಲೇಟು

ನನಗೊಂದು ಚಟವಿದೆ. ನಶ್ಯವಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಮನೆಯಲ್ಲಿ ಬೈದಾದರೂ ಬಿಡಿಸುತ್ತಿದ್ದರು. ನನಗೆ ಇಷ್ಟವಾದದ್ದು ಪಕ್ಕದವನಿಗೂ ಇಷ್ಟವಾಗುವವರೆಗೆ ನನಗೆ ಸಮಾಧಾನವಿಲ್ಲ, ಅದೇ ಆ ಚಟ. ಯಾವುದೋ ಹೋಟೆಲಿನಲ್ಲಿ ದೋಸೆ ಚೆನ್ನಾಗಿತ್ತೆಂದರೆ, ಊಟ ಮುಗಿಸಿ ಕೂತವರನ್ನೂ ಎಬ್ಬಿಸಿ ಕರೆದುಕೊಂಡು ಹೋಗುತ್ತೇನೆ. ಅವರು ತಿನ್ನುವಾಗ ಎದುರಿಗೆ ಕೂತು ಮುಖವನ್ನೇ ನೋಡುತ್ತೇನೆ. ಅವರೇನಾದರೂ ‘ಪರವಾಗಿಲ್ಲ’ ಅಂದುಬಿಟ್ಟರೆ, ಆ ದೋಸೆ ಹುಯ್ದವನು ನಾನೇ ಅನ್ನುವಷ್ಟು ಅವಮಾನವಾಗುತ್ತದೆ. ಈ ಚಟದಿಂದ ನನ್ನ ಸ್ನೇಹಿತರ ಹೊಟ್ಟೆ ಕೆಟ್ಟಿದ್ದುಂಟು. ಆದರೆ ಒಬ್ಬರ ಪ್ರಾಣದಂಥ ವಸ್ತುವನ್ನು ಕೆಡಿಸಿದ್ದು ಒಂದೇ ಸಲ. ಅದನ್ನು ಹೇಳಿಬಿಡುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಅಲ್ಲಿಯ ಕಾರ್ಖಾನೆಯೊಂದರ ಸ್ಟೋರ್ಸ್ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಅಲ್ಲಿ ಅಚ್ಚು ಹುಯ್ಯುವ ವಿಭಾಗಕ್ಕೆ ಸೆಲ್ವರಾಜ್ ಎಂಬ ಫೋರ್ಮನ್ ಇದ್ದರು. ಐವತ್ತರ ಹತ್ತಿರದ ವಯಸ್ಸು, ಆರಡಿಯ ಆಳು, ಮಾತು ಬಹಳ ಕಡಿಮೆ. ಭಾನುವಾರ ಚರ್ಚಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಕುಲುಮೆ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ಊರಿಗೆ ಹೋಗುವಾಗ ತಮ್ಮ ರೆಕಾರ್ಡ್ ಪ್ಲೇಯರನ್ನೂ ಒಂದು ಪ್ಲೇಟನ್ನೂ ಇವರಿಗೆ ಕೊಟ್ಟುಹೋಗಿದ್ದರು. ಆ ಪ್ಲೇಟಿನಲ್ಲಿದ್ದದ್ದು ಜಾಜ್. ಕವರಿನ ಮೇಲೆ ಒಬ್ಬ ಕಪ್ಪು ಮನುಷ್ಯ ಕಣ್ಣು ಮುಚ್ಚಿ ಟ್ರಂಪೆಟ್ ಹಿಡಿದಿದ್ದಾನೆ. ಅವನ ಹಿಂದೆ ಮೂರು ಸಾಲಿನಲ್ಲಿ ಹದಿನೇಳು ಜನ ವಾದ್ಯದವರು. ಅವನ ಹೆಸರನ್ನು ಸೆಲ್ವರಾಜ್ ಒಂದು ಥರ ಹೇಳುತ್ತಿದ್ದರು, ನಾನು ಒಂದು ಥರ. ಎರಡೂ ತಪ್ಪಿದ್ದೀತೆಂಬ ಅನುಮಾನದಿಂದ ಕೊನೆಗೆ ಇಬ್ಬರೂ ‘ನಮ್ಮೋನು’ ಅನ್ನತೊಡಗಿದೆವು.

ಒಂದು ಶನಿವಾರ ಮಧ್ಯಾಹ್ನ ಯಾವುದೋ ಇಂಡೆಂಟಿಗೆ, ಅಂದರೆ ಸಾಮಾನಿನ ಬೇಡಿಕೆ ಚೀಟಿಗೆ, ಸಹಿ ಹಾಕಿಸಿಕೊಳ್ಳಲು ಅವರ ಕ್ವಾರ್ಟರ್ಸಿಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಅದು ಕೋಣೆಯೊಳಗೆ ಕೂತು, ತಪ್ಪಿದ್ದನ್ನು ತಿದ್ದಿ ತಿದ್ದಿ ನುಡಿಸಿದ್ದಲ್ಲ. ತುಂಬಿದ ಸಭೆಯ ಎದುರಿಗೆ ನುಡಿಸಿದಾಗಲೇ ಹಿಡಿದಿಟ್ಟದ್ದು. ಯಾರೋ ಕೆಮ್ಮುತ್ತಾರೆ, ಯಾರೋ ಖುಷಿಯಿಂದ ಕೂಗುತ್ತಾರೆ, ಎಲ್ಲೋ ಗ್ಲಾಸು ತಾಗಿದ ಸದ್ದು. ಎರಡನೇ ಬದಿಯ ಮೊದಲ ಭಾಗದಲ್ಲಿ ಅವನು ಮೆತ್ತಗೆ, ಗುಟ್ಟು ಹೇಳುವವನ ಹಾಗೆ ಶುರುಮಾಡುತ್ತಾನೆ. ಹಿಂದಿನ ಹದಿನೇಳು ಜನ ಅವನನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ತಳ್ಳುತ್ತಾರೆ. ಇನ್ನು ಮೇಲೆ ಜಾಗವೇ ಇಲ್ಲ ಅನ್ನಿಸಿದಾಗ ಇಡೀ ಬ್ಯಾಂಡು ಫಕ್ಕನೆ ನಿಂತುಬಿಡುತ್ತದೆ. ಸಭೆಯೇ ಉಸಿರು ಹಿಡಿದಿದೆ. ಆ ಮೌನದ ನೆತ್ತಿಯ ಮೇಲೆ ಅವನದೊಂದೇ ಸ್ವರ ಏಳುತ್ತದೆ, ಅಷ್ಟು ಎತ್ತರದಲ್ಲಿ, ಒಂದಿಷ್ಟೂ ನಡುಗದೆ. ತಪ್ಪಿದ್ದರೆ ಅಷ್ಟು ಜನರ ಎದುರಿಗೆ ತಪ್ಪುತ್ತಿತ್ತು. ತಪ್ಪಲಿಲ್ಲ. ಭಜನೆಯ ಹಾರ್ಮೋನಿಯಂ ಬಿಟ್ಟು ಬೇರೆ ಸಂಗೀತ ಗೊತ್ತಿಲ್ಲದ ಮನೆಯಿಂದ ಬಂದ ನನ್ನ ಮೈಯಲ್ಲಿ ಮುಳ್ಳೆದ್ದಿತು. ಇಂಡೆಂಟನ್ನು ಮರೆತು ಬಂದೆ. ಆಮೇಲೆ ಪ್ರತಿ ಶನಿವಾರವೂ ಹೋದೆ.

ನನ್ನ ಚಟ ಸುಮ್ಮನಿರುತ್ತದೆಯೇ? ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನ ಷಡ್ಡಕರಿದ್ದರು, ಡಾಕ್ಟರ್ ಶಿವಾನಂದಪ್ಪ. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ, ಮನೆಯಲ್ಲಿ ಹೊಸ ರೇಡಿಯೋಗ್ರಾಂ. ಜಾಜಿನ ವಿಷಯ ಎತ್ತಿದರೆ ಅವರು, “ಅಟ್ಟದ ಮೇಲಿಂದ ಹಿತ್ತಾಳೆ ಪಾತ್ರೆ ಉರುಳಿಸೋದನ್ನೆಲ್ಲ ಸಂಗೀತ ಅಂತೀಯಲ್ಲೋ ಮಾರಾಯ” ಎಂದು ನಗುತ್ತಿದ್ದರು. ಇವರಿಗೆ ಒಮ್ಮೆ ಕೇಳಿಸಲೇಬೇಕೆಂದು ಹಟ ಹಿಡಿಯಿತು. ಅವಕಾಶವೂ ಬಂತು. ಕಾರ್ಖಾನೆಯ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ, ಆ ಪ್ಲೇಟನ್ನು ಹಾಕಿ ಅದರ ಜೊತೆಗೆ ಸೆಲ್ವರಾಜ್ ಟ್ರಂಪೆಟ್ ನುಡಿಸುವುದೆಂದು ಗೊತ್ತಾಯಿತು. ಸೋಮವಾರ ಸಂಜೆಗೆ ಕಾರ್ಯಕ್ರಮ. ಪ್ಲೇಯರಿನ ಮುಂದೆ ಕೂರುವವನು ನಾನು. “ಮನೇಲಿ ಒಂದೆರಡು ಸಲ ಹಾಕಿ ಅಭ್ಯಾಸ ಮಾಡ್ಕೊಂಡು ಬರ್ತೀನಿ” ಎಂದು ಶನಿವಾರ ಪ್ಲೇಟು ಕೇಳಿದೆ; ಮನಸ್ಸಿನಲ್ಲಿದ್ದದ್ದು ಷಡ್ಡಕರ ರೇಡಿಯೋಗ್ರಾಂ. ಸೆಲ್ವರಾಜ್ ಅದನ್ನು ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು.

“ಸಾರ್, ಇದು ಈ ಮನೆ ಹೊಸಿಲು ದಾಟಿದ್ದೇ ಇಲ್ಲ. ಮಗಳನ್ನ ಕಳಿಸ್ತಾ ಇದ್ದೀನಿ ಅನ್ಕೊಳ್ಳಿ” ಎಂದರು.

“ನನ್ನ ಕಣ್ಣಲ್ಲಿಟ್ಟು ನೋಡ್ಕೋತೀನಿ” ಎಂದು ನಾನೂ ಹೇಳಿದೆ. ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಮಾರ್ಚ್ ತಿಂಗಳ ಮಧ್ಯಾಹ್ನದ ಬಸ್ಸು. ಜಾಗ ಸಿಕ್ಕಿದ್ದು ಡ್ರೈವರ್ ಪಕ್ಕದ ಅಡ್ಡ ಸೀಟಿನಲ್ಲಿ. ಮಡಿಲಲ್ಲಿ ಟವೆಲ್ಲಿನ ಗಂಟು. ಪಕ್ಕದಲ್ಲಿ ಕೂತಿದ್ದ ಬಟ್ಟೆ ಅಂಗಡಿಯ ಯಜಮಾನರು, “ಏನ್ ಸ್ವಾಮಿ ಅದು, ದೇವರ ಫೋಟೋನಾ?” ಎಂದರು. ಅಷ್ಟೇ ಸಾಕಾಯಿತು ನನಗೆ. ಟವೆಲ್ಲು ಬಿಚ್ಚಿದೆ. ನಾಲ್ಕು ಜನಕ್ಕೆ ಕಾಣಲಿ ಎಂದು ಕವರಿನ ಸಮೇತ ಪ್ಲೇಟನ್ನು ಡ್ರೈವರಿನ ಪಕ್ಕಕ್ಕೇ ಇದ್ದ ಎಂಜಿನ್ನಿನ ಬಾನೆಟ್ ಮೇಲೆ ಮಲಗಿಸಿ, ಬಸ್ಸು ಕುಲುಕಿದಾಗ ಜಾರದಂತೆ ಒಂದು ಬೆರಳಿಟ್ಟು ವಿವರಿಸತೊಡಗಿದೆ. ಯಜಮಾನರು ಚಿತ್ರವನ್ನು ಗಮನವಿಟ್ಟು ನೋಡಿ, “ದೊಡ್ಡ ಸೆಟ್ಟೇ ಇದೆ ಬಿಡಿ. ನಮ್ಮ ಹುಡುಗಿ ಮದುವೆಗೆ ಬರ್ತಾರಾ?” ಎಂದು ಕೇಳಿದರು. ಇವರು ಅಮೆರಿಕದವರೆಂದು ತಿಳಿಸಿ, ಆ ಮೌನ, ಆ ಎತ್ತರದ ಸ್ವರ, ಎಲ್ಲವನ್ನೂ ಕೈ ಮೇಲೆತ್ತಿ ತೋರಿಸುತ್ತಾ ಹೇಳಿದೆ. ಹಿಂದಿನ ಸೀಟಿನವರೂ ಬಗ್ಗಿ ಕೇಳಿದರು. ಹನ್ನೆರಡು ಮೈಲಿಯ ದಾರಿ ಮುಗಿದದ್ದೇ ಗೊತ್ತಾಗಲಿಲ್ಲ. ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಪ್ಲೇಟು ಎತ್ತಿಕೊಂಡಾಗ ಕವರು ಬೆಚ್ಚಗಿತ್ತು. ಬೆಚ್ಚಗಿನ ವಸ್ತುವಿನ ಮೇಲೆ ಪ್ರೀತಿ ಹೆಚ್ಚೇ ಹುಟ್ಟುತ್ತದೆ. ಎದೆಗವಚಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ನನ್ನ ಹೆಂಡತಿ ಗಿರಿಜ ಅದನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. “ರೀ, ಇದು ಹೀಗೇ ಇರುತ್ತಾ?”

ನೋಡಿದೆ. ಒಂದು ಕಡೆಯ ಅಂಚು ಬಿಸಿಲಲ್ಲಿ ಅರ್ಧ ಒಣಗಿದ ಹಪ್ಪಳದ ಹಾಗೆ ಮೇಲೆದ್ದಿತ್ತು. ಹೊಸಿಲ ಮೇಲೇ ಕೂತೆ. ಎದ್ದಿದ್ದ ಅಂಚು ಯಾವುದು? ಸೂಜಿ ಮೊದಲು ಇಳಿಯುವ ಜಾಗ, ಅಂದರೆ ಸೋಮವಾರ ಸೆಲ್ವರಾಜ್ ನುಡಿಸಬೇಕಾದ ಭಾಗವೇ.

“ಕಂಡಕ್ಟರ್ ಬಾನೆಟ್ ಮೇಲೆ ಇಟ್ಟ” ಎಂದೆ.

“ನೀವು ಬೇಡ ಅನ್ನಲಿಲ್ವಾ?”

“ಗಮನಿಸಲಿಲ್ಲ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಮುಂದೆ ಕೇಳಲಿಲ್ಲ. ಹೆಂಗಸರು ಮುಂದೆ ಕೇಳದೆ ಬಿಡುವುದರಲ್ಲಿ ಎಷ್ಟು ಪ್ರಶ್ನೆಗಳಿರುತ್ತವೆ ಎಂಬುದು ಮದುವೆಯಾದವರಿಗೆ ಗೊತ್ತು.

ಮರುದಿನ ಬೆಳಿಗ್ಗೆ ಗಿರಿಜ ಗೋಡೆಯ ಮೇಲಿದ್ದ ಎರಡು ದೊಡ್ಡ ಪಟಗಳನ್ನು ಇಳಿಸಿ, ಗಾಜುಗಳನ್ನು ಬಿಚ್ಚಿ ತೊಳೆದಳು. “ಬಿಸಿಗೆ ಬಗ್ಗಿದ್ದು ಬಿಸಿಗೇ ಸರಿಯಾಗಬೇಕು” ಎಂದು ಎರಡು ಗಾಜಿನ ನಡುವೆ ಪ್ಲೇಟು ಇಟ್ಟು, ತಾರಸಿಯ ಮೇಲೆ ಬಿಸಿಲಿಗೆ ಮಲಗಿಸಿ, ಮೇಲೆ ರುಬ್ಬುವ ಗುಂಡು ಹೇರಿದಳು. ಬಿಸಿಲು ಸಾಲದಿದ್ದರೆ ಅಂಚು ಇಳಿಯದು. ಹೆಚ್ಚಾದರೆ ಸಂಗೀತವೆಲ್ಲ ಕರಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಅವಳು ಹಾಲಿಗೆ ಹೆಪ್ಪು ಹಾಕುವಾಗ ನೋಡುವ ಹಾಗೆ ಐದೈದು ನಿಮಿಷಕ್ಕೆ ಕೈಯ ಹಿಂಭಾಗ ತಾಗಿಸಿ ಬಿಸಿ ನೋಡುತ್ತಿದ್ದಳು. ನಾನು ಸುತ್ತ ಅಡ್ಡಾಡುತ್ತಿದ್ದೆ. ನೆರಳು ಬೀಳುತ್ತದೆಂದು ಬೈಸಿಕೊಂಡೆ.

ಇಷ್ಟರಲ್ಲಿ, ಪ್ಲೇಟು ತರುತ್ತೇನೆಂದವನು ಇನ್ನೂ ಯಾಕೆ ಬರಲಿಲ್ಲವೆಂದು ನೋಡಲು ಷಡ್ಡಕರೇ ಮನೆಗೆ ಬಂದರು. ತಾರಸಿ ಹತ್ತಿ, ಗಾಜು, ಗುಂಡು, ನನ್ನ ಮುಖ ಮೂರನ್ನೂ ನೋಡಿ, “ಮೂಳೆ ಮುರಿದಿದೆಯಾ? ಎಷ್ಟು ದಿನ ಕಟ್ಟಿಡಬೇಕು?” ಎಂದರು. ಮಧ್ಯಾಹ್ನದ ಹೊತ್ತಿಗೆ ಗಿರಿಜ ಗುಂಡನ್ನು ಇಳಿಸಿ, ಗಾಜು ಬಿಚ್ಚದೆ ಹಾಗೇ ನೆರಳಿಗೆ ಸರಿಸಿದಳು. ಸಂಜೆಗೆ ಬಿಚ್ಚಿದಾಗ ಹಪ್ಪಳ ಹೋಗಿತ್ತು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಮಾತ್ರ ಸಣ್ಣದೊಂದು ಅಲೆ.

ಷಡ್ಡಕರ ರೇಡಿಯೋಗ್ರಾಮಿನಲ್ಲಿ ಹಾಕಿ ಪರೀಕ್ಷಿಸಿದೆವು. ಸೂಜಿ ತೆಪ್ಪದ ಹಾಗೆ ಏಳುತ್ತಾ ಇಳಿಯುತ್ತಾ ಸಾಗಿತು. ಅಷ್ಟು ಇಷ್ಟಪಟ್ಟಿದ್ದ ಸಂಗೀತದ ಒಂದು ಸ್ವರವೂ ಅಂದು ನನಗೆ ಕೇಳಲಿಲ್ಲ. ಕಂಡದ್ದು ಸೂಜಿ ಒಂದೇ. ಮೌನ ಬಂತು, ಎತ್ತರದ ಸ್ವರವೂ ಬಂತು, ದಾಟಿತು. ತಲೆಯೆತ್ತಿ ನೋಡಿದರೆ ಷಡ್ಡಕರು ಸೋಫಾದ ತುದಿಗೆ ಬಂದು ಕೂತಿದ್ದಾರೆ. “ಇನ್ನೊಂದ್ಸಲ ಹಾಕು ಮಾರಾಯ” ಎಂದರು. ಇದೇ ಮಾತು ಕೇಳಬೇಕೆಂದು ನಾನು ಆರು ತಿಂಗಳಿಂದ ಕಾದಿದ್ದೆ. “ಇಲ್ಲ, ಆಗಲ್ಲ” ಎಂದು ಪ್ಲೇಟನ್ನು ಕಿತ್ತುಕೊಂಡು ಬಂದೆ.

ಸೋಮವಾರ ಪ್ಲೇಟು ಅಂಗಿಯೊಳಗೆ ಎದೆಗೆ ಅವಚಿಕೊಂಡು, ಬಸ್ಸಿನ ಕೊಟ್ಟಕೊನೆಯ ಸೀಟಿನಲ್ಲಿ ಕೂತು ಹೋದೆ. ಸೆಲ್ವರಾಜರಿಗೆ ಬೆಳಿಗ್ಗೆಯೇ ಹೇಳಬೇಕೆಂದಿದ್ದೆ. ಎರಡು ಸಲ ಅವರ ವಿಭಾಗದ ಬಾಗಿಲವರೆಗೆ ಹೋಗಿ, ಅವರು ಕಾದ ಲೋಹದ ಮುಂದೆ ನಿಂತಿದ್ದನ್ನು ಕಂಡು ವಾಪಸ್ಸು ಬಂದೆ. ಸಂಜೆ ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು. ಸೆಲ್ವರಾಜ್ ಕೋಟು ಹಾಕಿದ್ದರು, ಕೈಯಲ್ಲಿ ಹೊಳೆಯುವ ಟ್ರಂಪೆಟ್ಟು. ಅವರ ತುಟಿ ಒಣಗಿತ್ತು. ನನ್ನದೂ ಒಣಗಿತ್ತು, ಕಾರಣ ಬೇರೆ.

ಸೂಜಿ ಇಳಿಸಿದೆ. ನಮ್ಮೋನು ಗುಟ್ಟು ಹೇಳತೊಡಗಿದ. ಸೆಲ್ವರಾಜ್ ಅದರ ಕೆಳಗೆ ಮೆಲ್ಲಗೆ ದನಿ ಸೇರಿಸಿದರು. ಬ್ಯಾಂಡು ಮೆಟ್ಟಿಲು ಹತ್ತತೊಡಗಿತು. ಇನ್ನು ಕೊನೆಯ ಮೆಟ್ಟಿಲು, ಆಮೇಲೆ ಮೌನ. ಅಷ್ಟರಲ್ಲಿ ಸೆಲ್ವರಾಜರ ಪ್ಲೇಯರಿನ ಹಗುರ ಸೂಜಿ ಟಕ್ಕೆಂದು ಹಿಂದಕ್ಕೆ ಹಾರಿತು. ಬ್ಯಾಂಡು ಅದೇ ಮೆಟ್ಟಿಲನ್ನು ಮತ್ತೆ ಹತ್ತಿತು. ಮತ್ತೆ ಟಕ್. ಮತ್ತೆ ಅದೇ ಮೆಟ್ಟಿಲು. ಸೂಜಿ ಎತ್ತಲು ಕೈ ಚಾಚಿದೆ. ಸೆಲ್ವರಾಜ್ ಟ್ರಂಪೆಟ್ಟು ಬಾಯಿಂದ ತೆಗೆಯದೆ ನನ್ನತ್ತ ಕಣ್ಣರಳಿಸಿ ಬೇಡವೆಂದು ತಲೆಯಲ್ಲಾಡಿಸಿದರು.

ಆಮೇಲೆ ಆದದ್ದನ್ನು ಹೇಳುವುದು ಕಷ್ಟ. ಬ್ಯಾಂಡು ಸುತ್ತಿದಲ್ಲೇ ಸುತ್ತುತ್ತಿತ್ತು. ಆ ಒಂದು ಸುತ್ತಿನ ಮೇಲೆ ಅವರು ಒಂದೊಂದು ಸಲಕ್ಕೆ ಒಂದೊಂದು ಬಗೆ ನುಡಿಸತೊಡಗಿದರು. ಒಮ್ಮೆ ಚರ್ಚಿನ ಪ್ರಾರ್ಥನೆಯ ಹಾಗೆ, ಒಮ್ಮೆ ಮದುವೆಯ ನಾದಸ್ವರದ ಹಾಗೆ, ಒಮ್ಮೆ ಶಿಫ್ಟು ಬಿಡುವ ಸೈರನ್ನಿನ ಹಾಗೆ. ಅದಕ್ಕೆ ಹಿಂದಿನ ಸಾಲಿನವರು ಹೋ ಎಂದು ಕೂಗಿ ಶಿಳ್ಳೆ ಹೊಡೆದರು. ಮೂರು ವರ್ಷದಿಂದ ಬಲ್ಲ ಆ ಮಾತಿಲ್ಲದ ಮನುಷ್ಯನೊಳಗೆ ಇಷ್ಟು ಮಾತಿತ್ತೇ ಎಂದು ನಾನು ಬಾಯಿ ಬಿಟ್ಟು ಕೂತೆ. ಒಂಬತ್ತೋ ಹತ್ತೋ ಸುತ್ತಾದ ಮೇಲೆ ಅವರು ಸಾಕೆಂದು ತಲೆಯಾಡಿಸಿದರು. ಸೂಜಿ ಎತ್ತಿದೆ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ದೊಡ್ಡ ಸಾಹೇಬರು ವೇದಿಕೆಗೇ ಬಂದು ಸೆಲ್ವರಾಜರ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, “ಸುತ್ತಿ ಸುತ್ತಿ ಬರೋ ಹಾಗೆ ಮಾಡಿದ ಉಪಾಯ ನಿಮ್ಮದಾ? ಭೇಷ್!” ಎಂದು ಕೈ ಕುಲುಕಿದರು. ನಾನು ‘ಥ್ಯಾಂಕ್ಸ್ ಸಾರ್’ ಎಂದೆ. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಜನ ಕರಗಿದ ಮೇಲೆ ವೇದಿಕೆಯ ಹಿಂದೆ ಸೆಲ್ವರಾಜ್ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು. ಕಂಡಕ್ಟರನ ಕಥೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮುಖದ ಮುಂದೆ ಅದು ಹೊರಡಲಿಲ್ಲ. “ನಾನೇ ಬಾನೆಟ್ ಮೇಲೆ ಇಟ್ಟೆ. ಜನಕ್ಕೆ ತೋರಿಸ್ಬೇಕು ಅಂತ” ಎಂದೆ.

ಅವರು ಪ್ಲೇಟನ್ನು ಮೆಲ್ಲಗೆ ಕವರಿಗೆ ಸೇರಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ, “ನನಗೆ ಕೋಪ ಇದೆ ಸಾರ್, ಇಲ್ಲ ಅಂತ ಹೇಳಲ್ಲ” ಎಂದರು. “ಆದ್ರೆ ಒಂದು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಆ ಮೇಲಿನ ಸ್ವರ ನನಗೆ ಬರಲ್ಲ. ಒಂದು ತಿಂಗಳಿಂದ ಊದಿ ಊದಿ ತುಟಿ ಒಡೀತು, ಒಂದ್ಸಲಾನೂ ಬರಲಿಲ್ಲ. ಇವತ್ತು ಮೆಟ್ಟಿಲು ಹತ್ತುವಾಗ ಮುಗೀತು ಕಥೆ ಅನ್ಕೊಂಡೆ. ಆಗ ಸೂಜಿ ಹಾರ್ತು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಗಬಹುದೋ ಬೇಡವೋ ನನಗೆ ತಿಳಿಯಲಿಲ್ಲ. “ಶನಿವಾರ ಬನ್ನಿ. ಹಟಕ್ಕಾದ್ರೂ ಆ ಸ್ವರ ಊದಿ ತೋರಿಸ್ತೀನಿ” ಎಂದರು.

ಶನಿವಾರ ಹೋದೆ. ಸೂಜಿ ಹಾರದಿರಲೆಂದು ಅದನ್ನು ಹೊತ್ತ ಕೈಯ ಮೇಲೆ ಭಾರಕ್ಕೆ ಸಣ್ಣದೊಂದು ಬಿಲ್ಲೆ ಅಂಟಿಸಿದ್ದರು. ಪ್ಲೇಟು ಮೆಟ್ಟಿಲು ಹತ್ತಿತು, ಅಲೆಯನ್ನು ದಾಟಿತು, ಮೌನ ಬಂತು. ನಮ್ಮೋನ ಜೊತೆಗೇ ಸೆಲ್ವರಾಜರೂ ಎದೆ ತುಂಬಿಕೊಂಡು ಊದಿದರು. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು. ಅಮೆರಿಕದ ಸ್ವರ ಆಕಾಶದಲ್ಲಿ ನಿಂತಿತು. ಭದ್ರಾವತಿಯದು ಅರ್ಧ ದಾರಿಯಲ್ಲಿ ಬಿರಿದು, ಆಡಿನ ಮರಿ ಕೂಗಿದಂತಾಗಿ ಕೆಳಗೆ ಬಿತ್ತು. ಅವರು ಟ್ರಂಪೆಟ್ಟು ಇಳಿಸಿ ನನ್ನ ಮುಖ ನೋಡಿದರು, ಥೇಟು ನಾನು ದೋಸೆ ತಿನ್ನುವವರ ಮುಖ ನೋಡುವ ಹಾಗೆ.

“ಬಂತು ಸೆಲ್ವರಾಜ್, ಬಂತು!” ಎಂದೆ.

“ನಿಮಗೆ ಸುಳ್ಳು ಹೇಳೋಕೂ ಬರಲ್ಲ, ಪ್ಲೇಟ್ ಇಟ್ಕೊಳ್ಳೋಕೂ ಬರಲ್ಲ ಸಾರ್” ಎಂದು ಅವರು ಮೊದಲ ಸಲ ಜೋರಾಗಿ ನಕ್ಕರು. ಪ್ಲೇಟನ್ನು ಒರೆಸಿ, ಕವರಿಗೆ ಸೇರಿಸಿ, ಕೈ ಎತ್ತಿ ಬೀರುವಿನ ನೆತ್ತಿಯ ಮೇಲಿಟ್ಟರು. “ಮುಂದಿನ ಶನಿವಾರ ಮತ್ತೆ ಬನ್ನಿ. ಕೇಳಿ. ಮುಟ್ಬೇಡಿ.”

ನಾನು ಐದಡಿ ಎರಡಂಗುಲ. ಆಮೇಲೆ ನಾಲ್ಕು ವರ್ಷ ಪ್ರತಿ ಶನಿವಾರ ಹೋದೆ, ಕೇಳಿದೆ, ಕೇಳುತ್ತಾ ಕೇಳುತ್ತಾ ಆ ಬೀರುವಿನ ಕಡೆ ನೋಡಿದೆ. ಅಲ್ಲೊಂದು ಸ್ಟೂಲು ಇತ್ತು. ನಾನು ಬರುವ ಹೊತ್ತಿಗೆ ಸರಿಯಾಗಿ ಅದನ್ನು ಅಡುಗೆಮನೆಗೆ ಸಾಗಿಸಿಬಿಡುತ್ತಿದ್ದರು.