ಹದಿನೈದನೆಯ ಕಾಯಿಲೆ

ಎಲ್ಲಾ ಶುರುವಾಗಿದ್ದು ಒಂದು ಪ್ಯಾಂಟಿನ ಜೇಬಿನಿಂದ. ಸೊಂಟ ಸಡಿಲಿಸಲೆಂದು ಬಂದಿದ್ದ ಆ ಪ್ಯಾಂಟಿನ ಜೇಬನ್ನು ದರ್ಜಿ ಅಭ್ಯಾಸಬಲದಿಂದ ತಡವಿದಾಗ ನುಣುಪಾದ ಕಾಗದವೊಂದು ಕೈಗೆ ಬಂತು.

‘ನಿಮಗೇ ಮೀಸಲಾದ ಡಾಕ್ಟರು! ವರ್ಷಕ್ಕೊಮ್ಮೆ ಹಣ ಕಟ್ಟಿ, ಬೇಕೆಂದಾಗ ಫೋನ್ ಮಾಡಿ. ಸಾಲಿಲ್ಲ, ಟೋಕನ್ ಇಲ್ಲ. ನಿಮ್ಮ ಬಡಾವಣೆಯಲ್ಲಿ ಉಳಿದಿರುವುದು ಒಂದೇ ಜಾಗ. ಒಂದು ದಿನ ಪುಕ್ಕಟೆಯಾಗಿ ನೋಡಿ, ಆಮೇಲೆ ನಿರ್ಧರಿಸಿ.’

ಕೆಳಗೆ ಅಚ್ಚಾಗಿದ್ದ ಮೊತ್ತ ಕಂಡು ದರ್ಜಿ ಎರಡು ಸಲ ಕನ್ನಡಕ ಒರೆಸಿಕೊಂಡ. ಸರಿಯಾಗಿ ಒಂದು ಹೊಸ ಮೋಟಾರು ಮಿಷಿನ್ನಿನ ಬೆಲೆ. ಅವನೂ ಅವನ ಹೆಂಡತಿಯೂ ಮೂರು ವರ್ಷದಿಂದ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದು ಅಷ್ಟೇ, ಆ ಮಿಷಿನ್ನಿಗೇ. ಆದರೂ ಅವನು ಕಾಗದವನ್ನು ಬಿಸಾಡಲಿಲ್ಲ. ಅವನಿಗೊಂದು ಗುಟ್ಟಿತ್ತು. ಎರಡು ತಿಂಗಳಿಂದ ಅವನ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಕತ್ತರಿ ಹಿಡಿದು ನಾಲ್ಕು ಗೇಣು ಬಟ್ಟೆ ಕತ್ತರಿಸುವಷ್ಟರಲ್ಲಿ, ಬೆರಳುಗಳನ್ನು ಯಾರದೋ ಮನೆಯಿಂದ ಎರವಲು ತಂದ ಹಾಗೆ ಆಗುತ್ತಿತ್ತು. ಗಿರಾಕಿಗಳಿಗೆ ಗೊತ್ತಾದರೆ ಅಂಗಡಿ ಮುಚ್ಚಿದ ಹಾಗೇ. ಹೆಂಡತಿಗೆ ಗೊತ್ತಾದರೆ ಅವಳ ನಿದ್ದೆ ಹೋದ ಹಾಗೇ. ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ.

ಹಳೇ ಡಾಕ್ಟರಿದ್ದಿದ್ದರೆ ಚಿಂತೆಯೇ ಇರಲಿಲ್ಲ. ಬೀದಿಯ ತುದಿಯಲ್ಲಿ ಹಸಿರು ಬಾಗಿಲಿನ ಒಂದು ಕೋಣೆ. ಹೊಸಿಲು ದಾಟುವ ಮೊದಲೇ ಒಳಗಿಂದ ದನಿ ಬರುತ್ತಿತ್ತು: “ಏನೋ, ನಿಮ್ಮಮ್ಮನ ಕೆಮ್ಮು ನಿಂತಿತೇನೋ?” ನಾಲಿಗೆ ಚಾಚು ಎನ್ನುವರು, ಹಿಂದಿನ ದಿನ ಕದ್ದು ತಿಂದದ್ದನ್ನೆಲ್ಲ ನಾಲಿಗೆಯ ಮೇಲೆ ಓದಿದವರಂತೆ ಹೇಳಿಬಿಡುವರು. ಆಮೇಲೆ ಕಾಂಪೌಂಡರು ಕೊಡುತ್ತಿದ್ದ ಸೀಸೆಯಲ್ಲಿ ಸಂಜೆಯ ಆಕಾಶವನ್ನೇ ಕಲಸಿಟ್ಟಂಥ ಕೆಂಪು ಔಷಧಿ. ಸೀಸೆಯ ಪಕ್ಕಕ್ಕೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಹೊತ್ತಿಗೊಂದರಂತೆ ಕಚ್ಚು. ಜ್ವರವೂ ಆ ಕಚ್ಚುಗಳನ್ನೇ ಮೆಟ್ಟಿಲು ಮಾಡಿಕೊಂಡು ಇಳಿದು ಹೋಗುತ್ತದೆಂದು ಚಿಕ್ಕಂದಿನಲ್ಲಿ ದರ್ಜಿ ನಂಬಿದ್ದ. ಇಳಿದು ಹೋಗುತ್ತಲೂ ಇತ್ತು. ಈಗ ಡಾಕ್ಟರಿಲ್ಲ, ಆ ಕೋಣೆಯಲ್ಲಿ ಫೋನಿನ ಕವಚ ಮಾರುತ್ತಾರೆ. ದೊಡ್ಡಾಸ್ಪತ್ರೆಗೆ ಒಮ್ಮೆ ಹೋಗಿದ್ದಾಗ, ಮೂರು ಗಂಟೆ ಕಾದ ಮೇಲೆ ಸಿಕ್ಕಿದ ಡಾಕ್ಟರು ಕಂಪ್ಯೂಟರಿನ ಮುಖ ನೋಡುತ್ತಲೇ ಎರಡು ಸಲ ಹೆಸರು ಕೇಳಿ ಕಳಿಸಿದ್ದರು.

ದರ್ಜಿ ಫೋನ್ ಹಚ್ಚಿದ. ಬೆಣ್ಣೆಯಂಥ ದನಿಯ ಹುಡುಗಿಯೊಬ್ಬಳು, “ಇವತ್ತು ಸಂಜೆ ಆರರವರೆಗೆ ಎಷ್ಟು ಸಲ ಬೇಕಾದ್ರೂ ಮಾಡಿ ಸರ್. ಆರಕ್ಕೆ ಡಾಕ್ಟರೇ ಬರ್ತಾರೆ, ಇಷ್ಟ ಆದ್ರೆ ಸಹಿ ಹಾಕಿ. ಈಗ ಹೇಳಿ, ಏನು ತೊಂದರೆ?” ಎಂದಳು.

“ಅದು... ನನ್ನ ಬೆರ...” ಎನ್ನುವಷ್ಟರಲ್ಲಿ ಪಕ್ಕದ ಬೇಕರಿಯವನು ಒಳಗೆ ಬಂದ. ಅವನನ್ನು ಇಡೀ ಬೀದಿ ಭಾವ ಎಂದೇ ಕರೆಯುತ್ತಿತ್ತು. “ಆಮೇಲೆ ಮಾಡ್ತೀನಮ್ಮ” ಎಂದು ದರ್ಜಿ ಫೋನಿಟ್ಟ.

ಭಾವ ಕಾಗದ ಓದಿದ, ಹೊಟ್ಟೆ ಕುಲುಕಿಸಿ ನಕ್ಕ. “ತಲೆ ಕೆಟ್ಟಿದ್ಯೇನೋ ನಿಂಗೆ? ಕಾಯಿಲೆ ಬರೋಕ್ಮುಂಚೇನೇ ದುಡ್ಡು ಕೊಡೋದಾ? ಗಿಟ್ಟುತ್ತೇನೋ ಇದು?”

“ಇವತ್ತೊಂದಿನ ಪುಕ್ಕಟೆ ಭಾವ.”

ಪುಕ್ಕಟೆ ಎಂಬ ಮಾತು ಕಿವಿಗೆ ಬೀಳುತ್ತಲೇ ಭಾವನ ಮುಖ ಒಲೆಯೊಳಗಿನ ಬನ್ನಿನಂತೆ ಉಬ್ಬಿತು. “ಹಾಗಾದ್ರೆ ನನ್ನ ಮಂಡಿ ನೋವು ಒಂದು ಕೇಳಲಾ? ನಿನ್ನ ಹೆಸರಲ್ಲೇ ಕೇಳ್ತೀನಿ ಬಿಡು.”

ಆ ಹೊತ್ತಿಗೆ ದರ್ಜಿ ಲಂಗವೊಂದರ ಅಂಚು ಮಡಚಲು ಕೂತು, ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡಾಗಿತ್ತು. ಕೆಲಸ ಕಲಿಸಿದ ಸೋದರಮಾವ ಹಾಕಿಕೊಟ್ಟ ಕಟ್ಟಳೆ ಅದು: ಬಾಯಿಗಿಟ್ಟ ಸೂಜಿ ಬಟ್ಟೆಗೇ ಹೋಗಬೇಕು, ನಡುವೆ ಉಗುಳಿದರೆ ಅಂಚು ಸೊಟ್ಟಗಾಗುತ್ತದೆ. ಮೂವತ್ತು ವರ್ಷದಲ್ಲಿ ದರ್ಜಿ ಒಂದೇ ಒಂದು ಸೂಜಿ ಉಗುಳಿದವನಲ್ಲ. ಸೂಜಿ ಕಚ್ಚಿಕೊಂಡ ಬಾಯಿಂದ ಹೊರಡುವುದು ಒಂದೇ ಮಾತು.

“ಹ್ಞೂಂ” ಎಂದ.

ಭಾವ ಮಂಡಿಯಿಂದ ಶುರುಮಾಡಿ ತೇಗು, ಕೆಮ್ಮು, ನೆತ್ತಿಯ ನವೆಗಳ ತನಕ ಪ್ರಯಾಣ ಮಾಡಿದ. ಅರ್ಧ ಗಂಟೆಯಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರುಮನೆಯ ನಿವೃತ್ತ ಹೆಡ್‌ಮೇಡಂ ಬಂದರು. “ನೋಡಪ್ಪಾ, ಕಿವೀಲಿ ಗುಂಯ್ ಅನ್ನುತ್ತೆ. ಒಂದು ಮಾತು ಕೇಳಲಾ?”

“ಹ್ಞೂಂ.”

ಮೇಡಂ ಫೋನಿನಲ್ಲಿ, “ನಾನು ಅವನ ಅಕ್ಕ. ಪಾಪ, ಅವನಿಗೆ ಹೇಳ್ಕೊಳ್ಳೋಕೆ ನಾಚಿಕೆ” ಎಂದು ಕಿವಿ, ಗೊರಕೆ, ಮರೆವು ಮೂರನ್ನೂ ಅವನ ಹೆಸರಿಗೆ ಬರೆಸಿದರು. ಬಳಿಕ ಮೊಮ್ಮಗಳ ಹಾಲುಹಲ್ಲು ಅಲ್ಲಾಡುವುದು ನೆನಪಾಗಿ ಅದನ್ನೂ ಸೇರಿಸಿದರು. ಅವರ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಅಂಗಡಿಯ ಬೆಂಚು ತುಂಬಿತು. ಪರಸ್ಪರ ನಾಲಿಗೆ ನೋಡಿಕೊಳ್ಳುತ್ತ, ಹಳೇ ಡಾಕ್ಟರ ಬೈಗುಳಗಳನ್ನು ನೆನೆದು ನಗುತ್ತ ಜನ ಕೂತಿದ್ದರು. ಆ ಗದ್ದಲದ ನಡುವೆ ದರ್ಜಿಗೆ ಒಂದು ಕ್ಷಣ ಹಸಿರು ಬಾಗಿಲಿನ ಕೋಣೆಯೇ ತನ್ನ ಅಂಗಡಿಗೆ ನಡೆದು ಬಂದಂತೆ ಅನಿಸಿ, ಯಾರನ್ನೂ ಎದ್ದು ಹೋಗಿ ಅನ್ನಲು ಮನಸ್ಸಾಗಲಿಲ್ಲ. ತನ್ನ ಬೆರಳಿನ ಮಾತು ಎಲ್ಲರೂ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡ. ಯಾರೂ ಹೋಗಲಿಲ್ಲ.

ನಾಲ್ಕೂವರೆಗೆ ಬೆಣ್ಣೆದನಿಯೇ ಫೋನ್ ಮಾಡಿತು. ದರ್ಜಿಯ ಬಾಯಲ್ಲಿ ಮತ್ತೆ ಸೂಜಿ. ಭಾವ ಉಪಕಾರವೆಂಬಂತೆ ಫೋನನ್ನು ಅವನ ಕಿವಿಗೆ ಹಿಡಿದ.

“ಸರ್, ಡಾಕ್ಟರು ಖಾತ್ರಿ ಮಾಡ್ಕೊಳ್ಳೋಕೆ ಹೇಳಿದ್ರು. ಮಂಡಿ ನೋವು ಇದೆ ಅಲ್ವಾ?”

“ಹ್ಞೂಂ...” ಎಂದು ದರ್ಜಿ ರಾಗ ಎಳೆದ. ಅಲ್ಲ ಎನ್ನಲು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಫೋನಿನಲ್ಲಿ ತಲೆ ಯಾರಿಗೆ ಕಾಣುತ್ತದೆ?

“ಗೊರಕೆ? ಮರೆವು? ಮುಂದಿನ ಹಲ್ಲು ಅಲ್ಲಾಡೋದು?”

“ಹ್ಞೂಂ! ಹ್ಞೂಂ! ಹ್ಞೂಂ!”

“ಅಯ್ಯೋ ಪಾಪ” ಎಂದಿತು ಬೆಣ್ಣೆದನಿ.

ಸರಿಯಾಗಿ ಆರಕ್ಕೆ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಕೈಯಲ್ಲಿ ದಪ್ಪನೆಯ ಫೈಲು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಏನೂ ಕೇಳದೆ, ಮೊದಲು ದರ್ಜಿಯ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಅವರ ಕೈ ಬೆಚ್ಚಗಿತ್ತು. ಎಷ್ಟು ವರ್ಷದ ಮೇಲೆ ಡಾಕ್ಟರೊಬ್ಬರು ತನ್ನನ್ನು ಮುಟ್ಟಿ ನೋಡಿದ್ದು! ದರ್ಜಿ ಎದ್ದ. ಒಳಗೆ ಹೋಗಿ ಹಣದ ಲಕೋಟೆ ತಂದು ಮೇಜಿನ ಮೇಲಿಟ್ಟ.

ಹೆಂಡತಿ ಹಿಂದೆಯೇ ಓಡಿಬಂದಳು. “ಏನ್ರೀ ಇದು? ಮಿಷಿನ್ನು?”

“ಬೆರಳೇ ಮಾತು ಕೇಳದಿದ್ರೆ ಮಿಷಿನ್ ತಗೊಂಡು ಏನ್ಮಾಡ್ಲೇ?”

“ಬೆರಳಾ? ಏನಾಗಿದೆ ಬೆರಳಿಗೆ? ನಂಗ್ಯಾಕೆ ಹೇಳಿಲ್ಲ?” ಅವಳು ಅವನ ಬಲಗೈಯನ್ನು ಎಳೆದುಕೊಂಡು ನೋಡಿದಳು.

“ಬೆರಳೂ ಇದೆಯಾ?” ಎಂದರು ಡಾಕ್ಟರು. ಪೆನ್ನು ತೆಗೆದು ಹದಿನಾಲ್ಕು ಕಾಯಿಲೆಗಳ ಕೆಳಗೆ ಹದಿನೈದನೆಯದನ್ನು ಬರೆದರು. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ನಿಧಾನವಾಗಿ ಲಕೋಟೆಯನ್ನು ದರ್ಜಿಯ ಕಡೆಗೇ ಸರಿಸಿದರು.

“ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ನಾನು ತಗೊಳ್ಳೋದೇ ಕೆಲವು ಮನೆ. ನಿಮ್ಮೊಬ್ಬರಿಗೇ ನನ್ನ ಇಡೀ ವರ್ಷ ಬೇಕಾಗುತ್ತೆ. ನೀವು ನಂಗೆ ಗಿಟ್ಟಲ್ಲ.”

“ಅಯ್ಯೋ, ಅವು ಯಾವೂ ನನ್ನವಲ್ಲ ಸಾರ್! ಮಂಡಿ ಭಾವಂದು! ಕಿವಿ ಮೇಡಂದು!”

ಎಲ್ಲರೂ ಒಟ್ಟಿಗೆ ಸೂರು ನೋಡಿದರು. “ಮರೆವು ಜಾಸ್ತಿಯಾಗಿದೆ ಡಾಕ್ಟ್ರೇ” ಎಂದು ಹೆಡ್‌ಮೇಡಂ ಮೆಲ್ಲಗೆ ಹೇಳಿದರು.

ಭಾವ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. “ಹಾಗಾದ್ರೆ ಆ ಜಾಗ ಖಾಲಿ ಉಳೀತಲ್ಲ ಸಾರ್? ನನ್ನ ಹೆಸರು ಬರ್ಕೊಳ್ಳಿ. ನಂಗೆ ಒಂದು ಸೀನೂ ಇಲ್ಲ.” ಬಂದ ತೇಗನ್ನು ನುಂಗಿಕೊಂಡು ಕಲ್ಲಿನ ಕಂಬದಂತೆ ನಿಂತ.

ಡಾಕ್ಟರ ಮುಖ ಅರಳಿತು. ಭಾವ ಸಹಿ ಹಾಕಿದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ದರ್ಜಿ ಭಾವನ ತೋಳು ಹಿಡಿದುಕೊಂಡ. “ಆಗಿದ್ದಾಯ್ತು. ನಾಳೆ ನಿನ್ನ ಫೋನಿಂದ ನನ್ನ ಬೆರಳಿನ ವಿಷಯ ಒಂದು ಮಾತು ಕೇಳು ಭಾವ.”

ಭಾವ ಎರಡು ಹೆಜ್ಜೆ ಹಿಂದೆ ಸರಿದ.

“ಛೆ ಛೆ! ನಿನ್ನ ಕಾಯಿಲೇನ ನನ್ನ ಹೆಸರಲ್ಲಿ ಹೇಳೋದಾ? ಡಾಕ್ಟರ ಹತ್ರ ಹಾಗೆಲ್ಲ ಸುಳ್ಳು ಹೇಳಬಾರದು ಕಣೋ.”