ಕಂಬಳಿ ತೂಗಿದ ಸ್ಪ್ರಿಂಗ್

ನಮ್ಮ ಮನೆಯವರನ್ನು ಹತ್ತು ನಿಮಿಷ ಒಂದೇ ಕುರ್ಚಿಯಲ್ಲಿ ಕೂರಿಸಿದವರಿಗೆ ಬಹುಮಾನ ಕೊಡುತ್ತೇನೆಂದು ನಾನು ಸಾರಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಗೆಲ್ಲಲಿಲ್ಲ!

ಮನೆ ದೆಹಲಿಯ ರೋಹಿಣಿಯಲ್ಲಿ, ಅವರು ಪಾಠ ಹೇಳುತ್ತಿದ್ದ ಎಂಜಿನಿಯರಿಂಗ್ ಕಾಲೇಜು ಗ್ರೇಟರ್ ನೋಯ್ಡಾದಲ್ಲಿ. ಮೆಟ್ರೋದಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದರು. ಅವರ ಪಾಠವಾದರೂ ಏನು? ಸ್ಪ್ರಿಂಗಿಗೆ ಒಂದು ತೂಕ ನೇತುಹಾಕು, ಎಷ್ಟು ಉದ್ದವಾಯಿತು ಅಳೆ, ಹಾಳೆಯ ಮೇಲೆ ಒಂದು ಚುಕ್ಕೆ ಇಡು. ಇನ್ನೊಂದು ತೂಕ, ಇನ್ನೊಂದು ಚುಕ್ಕೆ. ಕೊನೆಗೆ ಚುಕ್ಕೆಗಳ ನಡುವೆ ನೇರ ಗೆರೆ. ಇನ್ನೂ ನೇತುಹಾಕದ ತೂಕಕ್ಕೆ ಸ್ಪ್ರಿಂಗ್ ಎಷ್ಟು ಇಳಿಯುತ್ತದೆಂದು ಆ ಗೆರೆಯೇ ಹೇಳುತ್ತದಂತೆ. ರಂಗೋಲಿ ಹಾಕುವ ನಾವು ಇಷ್ಟಕ್ಕೆ ಸಂಬಳ ಕೇಳಿದ್ದೇವೆಯೇ?

ತರಕಾರಿ ತರಲು ಕಳಿಸಿದರೆ ಜೇಬಿನಿಂದ ಸ್ಪ್ರಿಂಗ್ ತೆಗೆದು ಗಾಡಿಯ ಕಂಬಿಗೆ ಸಿಕ್ಕಿಸುತ್ತಿದ್ದರು. "ಭಯ್ಯಾ, ಏಕ್ ಆಲೂ ಔರ್!" ಒಂದು ದಿನ ಆ ಭಯ್ಯಾ ಕೈಮುಗಿದ. "ಸಾಬ್, ಆಲೂ ಖರೀದ್‌ನಾ ಹೈ ಯಾ ಲಟಕಾನಾ ಹೈ?" ಕೊಳ್ಳೋದೋ, ನೇತುಹಾಕೋದೋ? ಇವರು ನಾಲ್ಕು ಚುಕ್ಕೆಗಳೊಂದಿಗೆ ಮನೆಗೆ ಬಂದರು. ಆಲೂಗಡ್ಡೆ ಅಲ್ಲೇ ಉಳಿದಿತ್ತು!

ಭಾನುವಾರ ವಿದ್ಯಾರ್ಥಿಗಳು ಮನೆಗೇ ಬರುತ್ತಿದ್ದರು. ಒಮ್ಮೆ ಒಬ್ಬ, ಗೆರೆಗೆ ಹೊಂದದ ಒಂದು ಚುಕ್ಕೆಯನ್ನು ಮೆಲ್ಲಗೆ ರಬ್ಬರಿನಿಂದ ಉಜ್ಜಿದ. ಇವರು ಕೂಗಿದ ಕೂಗಿಗೆ ನನ್ನ ಕೈಲಿದ್ದ ಚಹಾ ಚೆಲ್ಲಿತು. "ಮಿಟಾನಾ ಮತ್! ಲೈನ್ ತುಮ್ಹಾರೀ ಹೈ, ಪಾಯಿಂಟ್ ಸ್ಪ್ರಿಂಗ್ ಕಾ ಹೈ!" ಅಳಿಸಬೇಡ, ಗೆರೆ ನಿನ್ನದು, ಚುಕ್ಕೆ ಸ್ಪ್ರಿಂಗಿನದು!

ಇನ್ನು ನನ್ನ ಪ್ರಯೋಗ. ಬಾಲ್ಕನಿಯ ಒಂದೇ ಒಂದು ಕೊಕ್ಕೆಯಲ್ಲಿ, ಅವರು ಕಾಲೇಜಿನಲ್ಲಿ ಓದುವಾಗ ಕೈಯಾರೆ ಸುತ್ತಿದ್ದ ಸ್ಪ್ರಿಂಗ್ ತೂಗುತ್ತಿತ್ತು. "ಅದನ್ನ ತೆಗೀಬೇಡ ಕಣೇ" ಎಂದು ಕಟ್ಟಪ್ಪಣೆ. ಒಂದು ಚಳಿಗಾಲ, ಅಪರೂಪಕ್ಕೆ ಬಿಸಿಲು ಬಂದ ದಿನ, ಕಂಬಳಿ ಒಗೆದೆ. ಸ್ಪ್ರಿಂಗ್ ತೆಗೆಯಲಿಲ್ಲ, ಮಾತು ಮೀರುವವಳೇ ನಾನು? ಒದ್ದೆ ಕಂಬಳಿಯನ್ನು ಅದಕ್ಕೇ ಸಿಕ್ಕಿಸಿದೆ! ಮಧ್ಯಾಹ್ನದ ಹೊತ್ತಿಗೆ ಕಂಬಳಿ ನೆಲ ಗುಡಿಸುತ್ತಿತ್ತು. ಕಂಬಳಿ ತೆಗೆದರೂ ಸ್ಪ್ರಿಂಗ್ ಮೇಲೇರಲಿಲ್ಲ.

ಸಂಜೆ ಬಂದು ನೋಡಿದರು. "ಅಚ್ಛಾ" ಎಂದರು. ಅಳೆದರು, ಪುಸ್ತಕದಲ್ಲಿ ಏನೋ ಗುರುತು ಹಾಕಿದರು. ಅನ್ನದ ಜೊತೆಗೂ ಗೆರೆ ಕಲಸುತ್ತಿದ್ದ ಮನುಷ್ಯ ಅಂದು ಮಾತಿಲ್ಲದೆ ಊಟ ಮುಗಿಸಿದರು. ಬೈದಿದ್ದರೆ ಮರೆಯುತ್ತಿದ್ದೆ. "ರೀ, ಬೇಜಾರಾಯ್ತಾ?" ಎಂದು ಕೇಳಲು ಅಂದೂ ಬಾಯಿ ಬರಲಿಲ್ಲ, ಆಮೇಲೂ ಬರಲಿಲ್ಲ.

ಇನ್ನು ಕೇಳುವ ಹಾಗಿಲ್ಲ. ಅವರು ಹೋಗಿ ನಾಲ್ಕು ತಿಂಗಳಾಯಿತು. ಅವರ ಚಡಪಡಿಕೆ ಈಗ ನನಗೆ ಹತ್ತಿದೆ. ಅಡುಗೆಮನೆ, ಬಾಲ್ಕನಿ, ಮತ್ತೆ ಅಡುಗೆಮನೆ. ಕೂತರೆ ಏನೋ ಬಾಕಿ ಇದೆ ಎನ್ನಿಸಿ ಏಳುತ್ತೇನೆ.

ಕಳೆದ ಭಾನುವಾರ ಅವರ ವಿದ್ಯಾರ್ಥಿನಿಯೊಬ್ಬಳು ಪ್ರಯೋಗದ ಡಬ್ಬಿ ಕೇಳಿಕೊಂಡು ಬಂದಳು. ಒಳ್ಳೆಯ ಸ್ಪ್ರಿಂಗುಗಳನ್ನೆಲ್ಲ ಅವಳ ಮುಂದಿಟ್ಟೆ. ಹಾಳಾದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಅವಳು ಎಣಿಸಿ ನೋಡಿದಳು. "ಆಂಟಿ, ವೋ ಕಂಬಲ್‌ವಾಲಾ ಸ್ಪ್ರಿಂಗ್?"

ಕಂಬಳಿಯ ಸ್ಪ್ರಿಂಗ್! ಇವಳಿಗೆ ಹೇಗೆ ಗೊತ್ತು? ಪ್ರತಿ ವರ್ಷವೂ ಇವರು ಕೊನೆಗೆ ಅದನ್ನೇ ತೋರಿಸುತ್ತಿದ್ದರಂತೆ. ನೇರ ಗೆರೆ ಎಲ್ಲಿ ಸೋಲುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲವಂತೆ. ಸರ್ ಹೀಗೆ ಹೇಳುತ್ತಿದ್ದರೆಂದು ಅವರ ಮಾತನ್ನು ಹಿಂದಿಯಲ್ಲಿ ಹೇಳಿದಳು. ಅದರ ಅರ್ಥ ಇಷ್ಟು: "ಯಾವ ತೂಕ ಹಾಕೋಕೆ ನಾನು ಜೀವನಪೂರ್ತಿ ಹೆದರಿದೆನೋ, ಅದನ್ನ ನನ್ನ ಹೆಂಡತಿ ಒಂದೇ ಬೆಳಿಗ್ಗೆಯಲ್ಲಿ ಹಾಕಿದಳು."

ಡಬ್ಬಿಯ ತಳದಲ್ಲಿದ್ದ ಪುಸ್ತಕ ತೆರೆದಳು. ಸಾಲಾಗಿ ಚುಕ್ಕೆಗಳು, ನೇರ ಗೆರೆ. ಗೆರೆಯಿಂದ ಬಹಳ ದೂರ, ಒಂಟಿಯಾಗಿ ಒಂದು ಚುಕ್ಕೆ. ಪಕ್ಕದಲ್ಲಿ ಕನ್ನಡದ ನಾಲ್ಕು ಅಕ್ಷರ.

"ಆಂಟಿ, ಯೇ ಕ್ಯಾ ಲಿಖಾ ಹೈ? ಸರ್ ನೇ ಕಭೀ ನಹೀಂ ಬತಾಯಾ." ಅಲ್ಲೇನು ಬರೆದಿದೆಯೆಂದು ಇವರು ಎಂದೂ ಹೇಳಿರಲಿಲ್ಲವಂತೆ.

"ಇವಳದು" ಎಂದು ಓದಿದೆ.

ಸೆರಗಿನಿಂದ ಸ್ಪ್ರಿಂಗ್ ತೆಗೆದು ಅವಳ ಕೈಗಿಟ್ಟೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ. ಅವಳು ಚಹಾ ಮುಗಿಸುವವರೆಗೂ ಏಳಲಿಲ್ಲ.