ಕಡಲಿನ ಮುಂದೆ ನನ್ನ ಹೊಟ್ಟೆ

ಮದುವೆಯ ಗ್ರೂಪ್ ಫೋಟೋ ಕೈಗೆ ಬಂದರೆ ಯಾರೂ ಮೊದಲು ಮದುಮಗಳನ್ನು ನೋಡುವುದಿಲ್ಲ. ತಾನು ಎಲ್ಲಿದ್ದೇನೆ, ಕಣ್ಣು ಬಿಟ್ಟಿದ್ದೇನೋ ಮುಚ್ಚಿದ್ದೇನೋ ಎಂದು ನೋಡಿಕೊಂಡ ಮೇಲೆಯೇ ಉಳಿದವರ ಸರದಿ. ಈ ಚಪಲ ನನಗೆ ತುಸು ಹೆಚ್ಚು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು, ಉಡುಪಿ ಕಡೆಯಿಂದ ಮದರಾಸಿಗೆ ಬಂದು, ಪೆರಂಬೂರಿನಲ್ಲಿ ಸಣ್ಣದೊಂದು ಹೋಟೆಲು ಇಟ್ಟವನು ನಾನು. ನನ್ನ ಪ್ರಕಾರ ಚಿತ್ರವೆಂದರೆ ಅದರಲ್ಲಿ ಒಬ್ಬ ದೇವರಿರಬೇಕು, ಇಲ್ಲವೇ ಒಬ್ಬ ಮನುಷ್ಯನಾದರೂ ಇರಬೇಕು.

ನನ್ನ ತಮ್ಮ ಪದ್ದು ಇದಕ್ಕೆ ತದ್ವಿರುದ್ಧ. ಅವನು ಚಿತ್ರಗಾರ, ಹೋಟೆಲಿನ ಅಟ್ಟದ ಕೋಣೆಯಲ್ಲಿ ನನ್ನ ಜೊತೆಗೇ ಇದ್ದ. ಮರ ಬರೆದರೆ ಕ್ಯಾನ್ವಾಸಿನ ತುಂಬ ಮರ, ಬುಡದಲ್ಲಿ ಎಳ್ಳುಕಾಳಿನಷ್ಟು ಮನುಷ್ಯ. ಮೋಡ ಬರೆದರೆ ಅಂಚಿನಲ್ಲೆಲ್ಲೋ ಇನ್ನೊಂದು ಎಳ್ಳು. "ಎಂತ ಮಾರಾಯ, ಬಣ್ಣ ಮುಗೀತಾ? ಪಾಪದವನಿಗೆ ಒಂದು ಮೂಗಾದರೂ ಇಡಬಾರದಾ?" ಎಂದು ಕೇಳಿದರೆ, "ಮರದ ಕಣ್ಣಿಗೆ ನಾವು ಕಾಣುವುದು ಅಷ್ಟೇ ಅಣ್ಣ. ಅದು ನಮ್ಮ ಮೂಗನ್ನು ಎಲ್ಲಿ ನೋಡ್ತದೆ?" ಎನ್ನುತ್ತಿದ್ದ. ಮರಕ್ಕೆ ಕಣ್ಣುಂಟೆಂದು ನಂಬಿದವನ ಜೊತೆ ಏನು ವಾದ?

ಒಮ್ಮೆ ಒತ್ತಾಯ ಮಾಡಿ ನನ್ನನ್ನು ಎಣ್ಣೂರಿನ ಕಡಲಿಗೆ ಕರೆದುಕೊಂಡು ಹೋದ. ಹೋಟೆಲು ಇಟ್ಟ ಮೇಲೆ ನಾನು ತೆಗೆದುಕೊಂಡ ಒಂದೇ ರಜೆ ಅದು. ಅವನು ನೀರಿಗೆ ಹತ್ತಿರ ಕುಳಿತ, ನಾನು ಮೊಸರನ್ನದ ಪೊಟ್ಟಣಕ್ಕೆ ಹತ್ತಿರ. ಅವನು ಅಲೆ ನೋಡಿದ. ನಾನು ಅನ್ನಕ್ಕೆ ಮರಳು ಸೇರಿತೆಂದು ಗೊಣಗಿದೆ. ಆಮೇಲೆ ಅವನು ಒಂದು ದೊಡ್ಡ ಕಡಲು ಬರೆದು, "ಇದು ನಿನಗೆ" ಎಂದು ಹೋಟೆಲಿನ ಕೈತೊಳೆಯುವ ತೊಟ್ಟಿಯ ಮೇಲೆ ತೂಗುಹಾಕಿದ.

ಕೈ ತೊಳೆಯುವವರಿಗೆ ಅಲ್ಲಿ ನೋಡಲು ಬೇರೇನೂ ಇರಲಿಲ್ಲ. ಒಬ್ಬರು ಗೋಡೆ ಸೋರುತ್ತಿದೆಯೇ ಎಂದು ಕೇಳಿದರು. ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರು ದಿನವೂ ಬಾಯಿ ಒರೆಸಿಕೊಳ್ಳುತ್ತ, "ಇವ್ಳೊ ಪೆರಿಯ ಪಡಂ, ಒರು ಆಳ್ ಕೂಡ ಇಲ್ಲಯೇ ಸಾಮಿ" ಎನ್ನುತ್ತಿದ್ದರು. ಇಷ್ಟು ದೊಡ್ಡ ಪಟದಲ್ಲಿ ಒಬ್ಬ ಆಳೂ ಇಲ್ಲವಲ್ಲ ಎಂದು. ಕ್ಯಾಷಿನ ಮೇಜಿನಿಂದ ನೋಡಿದರೆ ನನಗೂ ಹಾಗೆಯೇ ಕಾಣುತ್ತಿತ್ತು. ದಡದಲ್ಲಿ ನೊಣ ಕೂತ ಗುರುತಿನಂಥದ್ದೇನೋ ಇತ್ತು. ಎದ್ದು ಹೋಗಿ ನೋಡಲಿಲ್ಲ.

ಪದ್ದು ಊರಿಗೆ ಹೋಗಿದ್ದಾಗ, ನಮ್ಮ ಹೋಟೆಲಿನ ಬೋರ್ಡು ಬರೆದ ಆರುಮುಗಂನನ್ನು ಕರೆಸಿ, ಆ ಕಡಲಿನ ದಡಕ್ಕೆ ಒಬ್ಬ ಆಳನ್ನು ಹಾಕಲು ಹೇಳಿದೆ. "ಯಾರ ಪೋಡಣುಂ ಸಾಮಿ?" ಎಂದ, ಯಾರನ್ನು ಹಾಕಲಿ ಎಂದು. ಆಚೀಚೆ ನೋಡಿ, "ನನ್ನನ್ನೇ ಹಾಕು" ಎಂದೆ. ಅವನು ಬೋರ್ಡಿನ ಬಣ್ಣ ಕಲಸಿ, ಬಿಳಿ ಪಂಚೆ, ಹೆಗಲಿಗೆ ಟವೆಲು, ಎತ್ತಿದ ಕೈ, ಹೊಟ್ಟೆಯನ್ನೂ ಮರೆಯದೆ, ದಡದ ತುಂಬ ನನ್ನನ್ನು ನಿಲ್ಲಿಸಿದ. ಗಿರಾಕಿಗಳಿಗೆ ಬಲು ಖುಷಿ. ನನಗೂ.

ಪದ್ದು ಬಂದ. ದೋಸೆ ತಿಂದು ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡೇ ನಿಂತ. "ಕೈ ಎತ್ತಿ ಎಂತ ಮಾಡ್ತಾ ಇದ್ದೀ ಅಣ್ಣ? ಕಡಲನ್ನೂ ಊಟಕ್ಕೆ ಕರೀತಾ ಇದ್ದೀಯಾ?" ಎಂದು ನಕ್ಕ. ನಾನೂ ನಕ್ಕೆ. ಅವನು ಅಟ್ಟಕ್ಕೆ ಹೋಗಿ ಕುಂಚಗಳನ್ನು ಕಟ್ಟಿಕೊಂಡು ಇಳಿದ. ಎಲ್ಲಿಗೆ ಎಂದು ಕೇಳಿದೆ. "ಇಲ್ಲಿ ನನಗೆ ಜಾಗ ಸಾಲುವುದಿಲ್ಲ" ಎಂದ. ಹೋದವನು ಮತ್ತೆ ಬರಲಿಲ್ಲ. ಎಲ್ಲಿದ್ದಾನೆಂದು ಊರಿನವರಿಗೂ ತಿಳಿಯದು.

ಈಗ ಮಧ್ಯಾಹ್ನದ ಗಲಾಟೆ ಮುಗಿದು ಬೆಂಚುಗಳು ಖಾಲಿಯಾದಾಗ ಆ ಚಿತ್ರದ ಎದುರು ಕೂರುತ್ತೇನೆ. ಎರಡು ಲೋಟ ಕಾಫಿ ತರಿಸುವ ಅಭ್ಯಾಸ ಹೋಗಿಲ್ಲ. ಎರಡನ್ನೂ ನಾನೇ ಕುಡಿಯುತ್ತೇನೆ. ಅಡುಗೆಮನೆಯ ಹಬೆಗೆ ಆರುಮುಗಂನ ಬಣ್ಣ ಸಿಪ್ಪೆ ಏಳುತ್ತಿದೆ. ಪದ್ದುವಿನ ಕಡಲಿಗೆ ಏನೂ ಆಗಿಲ್ಲ. ಮೊದಲು ನನ್ನ ತಲೆ ಹೋಯಿತು, ಯಾರೂ ಗಮನಿಸಲಿಲ್ಲ. ಆಮೇಲೆ ಕೈ, ಟವೆಲು. ಮೊನ್ನೆ ಕಾಲು ಉದುರಿದ ಜಾಗವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಮರಳಿನ ಮೇಲೆ ಒಂದು ಎಳ್ಳುಕಾಳು ಕುಳಿತಿತ್ತು. ಹೆಗಲ ಮೇಲೆ ಕೂದಲೆಳೆಯಷ್ಟು ಟವೆಲು, ಮುಂದೆ ಮೊಸರನ್ನದ ಬಾಳೆಎಲೆಯ ಹಸಿರು ಚುಕ್ಕೆ. ಪದ್ದು ನನ್ನನ್ನು ಮೊದಲೇ ಬರೆದಿದ್ದ.

ಹಾಗಾದರೆ ಅವನೂ ಇರಬೇಕು, ನೀರಿಗೆ ಹತ್ತಿರ, ಚಿತ್ರದಲ್ಲಿ ತುಸು ಮೇಲೆ. ಅಲ್ಲಿ ನನ್ನ ಹೊಟ್ಟೆ ಇದೆ. ಚಾಕುವಿನಿಂದ ಕೆರೆಯಬಹುದು, ಆದರೆ ಆ ಚಿತ್ರಕ್ಕೆ ಒಮ್ಮೆ ಕೈ ಹಾಕಿಸಿದ್ದೇ ಸಾಕು. ತೊಟ್ಟಿಯ ಪಕ್ಕ ಬಿಸಿನೀರಿನ ಹಂಡೆ ಇಡಿಸಿದ್ದೇನೆ. ಮದರಾಸಿನ ಬೇಸಗೆಯಲ್ಲಿ ಬಿಸಿನೀರಲ್ಲಿ ಕೈ ತೊಳೆಸುವ ಹೋಟೆಲು ನಮ್ಮದೊಂದೇ ಇರಬೇಕು, ಗಿರಾಕಿಗಳು ಬೈಯುತ್ತಾರೆ. ಹಬೆ ಚೆನ್ನಾಗಿಯೇ ಏಳುತ್ತದೆ. ತಲೆ ಬೇಗ ಉದುರಿತು. ಹೊಟ್ಟೆ ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿಲ್ಲ.